ಮುಗಿಲ ಕಬ್ಬಿಣ

ಕಲ್ಲವ್ವನಹಾಳ, ತಾ. ಹುನಗುಂದ
೩ ಜುಲೈ ೧೯೭೯, ಮಂಗಳವಾರ

ಇಂದ್ರವ್ವಗೆ,

ಇದು ನಿನ್ನ ಕ್ಷೇಮ ಕೇಳಲು ಬರೆದ ಕಾಗದವಲ್ಲ. ನಿನ್ನ ಕ್ಷೇಮವನ್ನು ಬಳೆ ಮಾರುವ ಮಲೀಕಸಾಬ ನಾನು ಕೇಳದಿದ್ದರೂ ಬಂದು ಹೇಳುತ್ತಾನೆ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಯಾವುದೋ ಕಾಲೇಜಿನಲ್ಲಿ ಗಾಜಿನ ನಳಿಗೆ ತೊಳೆಯುವ ಕೆಲಸವಂತೆ, ತಿಂಗಳ ಪಗಾರವಂತೆ, ಮೊದಲಿಗಿಂತ ಬಡವಾಗಿದ್ದೀಯಂತೆ. ಇರಲಿ. ಎರಡು ವರ್ಷದ ಹಿಂದೆ ಸೋದರತ್ತೆಯ ಮಗ ಶಂಕ್ರಪ್ಪನನ್ನು ಒಲ್ಲೆನೆಂದು ನೀನು ಟ್ರಂಕು ಹಿಡಿದು ಹೊರಟ ದಿನ, "ಇನ್ನ ಈ ಹೊಸ್ತಲಾ ತುಳೀಬ್ಯಾಡ" ಎಂದು ನಾನು ಹೇಳಿದ್ದೆ. ಆಡಿದ ಮಾತು ಆಡಿದಲ್ಲೇ ಇದೆ.

ಈಗ ಬರೆಯುತ್ತಿರುವುದು ದುರಗವ್ವನ ಸಲುವಾಗಿ. ಗುಡಿಯಲ್ಲಿ ಅವಳು ದೇವಿ, ನಾನು ಪೂಜಾರಿ. ನಮ್ಮಿಬ್ಬರ ನಡುವಿನ ಸಂಗತಿಯನ್ನು ಊರಿಗೆ ಹೇಳಲಾರೆ. ಇಂದ್ರವ್ವ, ಅವಳ ಮೈ ಉದುರುತ್ತಿದೆ. ನಿನಗೆ ನೆನಪಿರಬೇಕು, ಅವಳ ಮುಖವನ್ನು ಯಾರೂ ಕಡೆದದ್ದಲ್ಲ. ಕುಂಬಳಕಾಯಿಯಷ್ಟು ಕರಿ ಕಲ್ಲಿನ ಮೇಲೆ ಬೆರಳೂರಿದ ಹಾಗೆ ತಗ್ಗುಗಳು, ನೋಡುವವರು ನೋಡಿದರೆ ಕಣ್ಣು, ಗಲ್ಲ, ಬಾಯಿ. ಈಗ ಎಡಗಲ್ಲ ಹೆಕ್ಕಳಿಕೆ ಎದ್ದು ಬೀಳುತ್ತಿದೆ. ಮೈ ಒರೆಸಿ ಒಣಗಿಸಿದ ಮೇಲೂ ಕಂದು ಬಣ್ಣದ ಬೆವರು ಹನಿ ಹನಿಯಾಗಿ ಮೂಡುತ್ತದೆ. ನಾನು ಒರೆಸುತ್ತೇನೆ, ಅವಳು ಬೆವರುತ್ತಾಳೆ.

ಮೊನ್ನೆ ಬೆಳಗಿನ ಜಾವದ ಕನಸಿನಲ್ಲಿ ಗಂಟು ಕಟ್ಟಿಕೊಂಡು ಊರ ಅಗಸಿ ಬಾಗಿಲ ಕಡೆ ಹೊರಟಿದ್ದಳು. ಬೆನ್ನು ಮಾತ್ರ ಕಂಡಿತು. ನಡಿಗೆ ನನಗೆ ಗುರುತಿನದು. ಯಾರ ನಡಿಗೆಯೆಂದು ಇಲ್ಲಿ ಬರೆಯುವುದಿಲ್ಲ.

ಕಲ್ಲು ಮಣ್ಣಿನ ವಿದ್ಯೆ ಕಲಿತವಳು ನಮ್ಮ ಮನೆತನದಲ್ಲಿ ನೀನೊಬ್ಬಳೇ. ಅವಳಿಗೆ ಏನಾಗಿದೆ ನೋಡಿ ಹೇಳು. ಅವಳು ಹೋದರೆ ಈ ಮುದುಕ ಬೆಳಿಗ್ಗೆ ಎದ್ದು ಯಾರ ಮುಖ ನೋಡಬೇಕು?

ಯಮನಪ್ಪ
ದುರಗವ್ವನ ಪೂಜಾರಿ


ವಿದ್ಯಾಗಿರಿ, ಬಾಗಲಕೋಟೆ
೧೪ ಜುಲೈ ೧೯೭೯

ಅಪ್ಪಾ,

ಪೂಜಾರಿ ಎಂದು ಸಹಿ ಹಾಕಿದ್ದೀಯ. ಪೂಜಾರಿಗೆ ಹೇಗೆ ಬರೆಯಬೇಕೋ ನನಗೆ ತಿಳಿಯದು. ನನಗೆ ಬರುವುದು ಇದೊಂದೇ ಒಕ್ಕಣೆ.

ಲಕೋಟೆಯ ಮೇಲೆ ನಿನ್ನ ಅಕ್ಷರ ಕಂಡು ತುಸು ಹೊತ್ತು ಒಡೆಯಲಿಲ್ಲ. ಯಾರೋ ಹೋದ ಸುದ್ದಿ ಎಂದುಕೊಂಡೆ. ಓದಿದ ಮೇಲೂ ಹಾಗೇ ಅನಿಸಿತು. ಅವ್ವ ತೀರಿದ ವರ್ಷ ನೀನು ಮಗ್ಗದ ಕುಣಿಯಲ್ಲಿ ಕೂತಿರುವಾಗ ನಾನು ಗುಡಿಯೊಳಗೆ ಹೋಗಿ ದುರಗವ್ವನಿಗೆ ಗಲ್ಲ ಆನಿಸಿ ಮಲಗುತ್ತಿದ್ದೆ. ಬೇಸಿಗೆಯಲ್ಲೂ ತಣ್ಣಗಿರುತ್ತಿದ್ದಳು. ಎದ್ದ ಮೇಲೆ ಕೈಗೆ ಒಂದು ವಾಸನೆ ಅಂಟಿರುತ್ತಿತ್ತು. ಅದು ಕಬ್ಬಿಣದ ವಾಸನೆ ಎಂದು ಇಲ್ಲಿಗೆ ಬಂದ ಮೇಲೆ ತಿಳಿಯಿತು. ಅಲ್ಲಿಯವರೆಗೆ ಅವ್ವನ ವಾಸನೆ ಎಂದೇ ತಿಳಿದಿದ್ದೆ.

ಉದುರಿದ ಚೂರುಗಳನ್ನು ಎಸೆದಿಲ್ಲ ತಾನೇ? ಮಲೀಕಸಾಬನ ಕೈಯಲ್ಲಿ ಕಳಿಸು. ಅವಳ ಮೈಗೆ ಉಳಿ ಸುತ್ತಿಗೆ ಮುಟ್ಟಿಸುವುದು ಬೇಡ, ಬಿದ್ದದ್ದು ಸಾಕು.

ನಾನು ಬಡವಾಗಿಲ್ಲ. ಮಲೀಕಸಾಬನಿಗೆ ಚಾಳೀಸು ಬಂದಿದೆ.

ಇಂದ್ರವ್ವ


ಕಲ್ಲವ್ವನಹಾಳ
೨ ಆಗಸ್ಟ್ ೧೯೭೯

ಇಂದ್ರವ್ವಗೆ,

ಎಸೆಯುತ್ತೇನೆಯೇ? ಉಡಿ ತುಂಬಿದ ಖಣದ ತುಂಡಿನಲ್ಲಿ ಕಟ್ಟಿ ದೇವರ ಜಗುಲಿಯ ಮೇಲೆ ಇಟ್ಟುಕೊಂಡಿದ್ದೆ. ಮಲೀಕಸಾಬನಿಗೆ ಕೊಡುವಾಗ "ಹುಷಾರಲೇ, ಬಳಿಕಿಂತ ನಾಜೂಕ ಐತಿ" ಎಂದೆ. "ಏನೈತ್ರಿ ಇದರಾಗ?" ಎಂದ. "ನಮ್ಮವ್ವ ಅದಾಳ" ಎಂದೆ. ತಲೆಗೆ ಸುತ್ತಿದ ವಸ್ತ್ರದಲ್ಲಿ ಕಟ್ಟಿಕೊಂಡು ಹೋದ.

ಹೆಚ್ಚಿನವು ಕೈಯಲ್ಲಿ ಹಿಡಿದರೆ ಪುಡಿಯಾಗುತ್ತವೆ. ಗಜ್ಜುಗದ ಗಾತ್ರದ್ದು ಒಂದು ಗಟ್ಟಿಯಾಗಿದೆ, ಗಾತ್ರ ಮೀರಿದ ಭಾರ. ಅದನ್ನು ಬೆಂಕಿಗೆ ಹಾಕಬೇಡ. ಹಾಕಲೇಬೇಕಾದರೆ ನನಗೆ ತಿಳಿಸಬೇಡ.

ಒಂದು ಮಾತು. ನನ್ನ ಮುತ್ತಜ್ಜನ ಕಾಲಕ್ಕೆ ಅವಳು ಮುಗಿಲಿನಿಂದ ಇಳಿದಳು, ಜೋಳದ ಹೊಲದಲ್ಲಿ ಕುಳಿ ಬಿದ್ದಿತ್ತು, ಸುತ್ತಿನ ಊರುಗಳ ದನ ಹಗ್ಗ ಹರಿದುಕೊಂಡಿದ್ದವು. ಇದನ್ನು ನಿನಗೆ ಹೇಳಿದಾಗ ನೀನಿನ್ನೂ ಹೈಸ್ಕೂಲು. "ಕಬ್ಬಣ ನೆಲದಾಗ ಸಿಗತೈತಿ ಅಪ್ಪಾ, ಮುಗಲಾಗಲ್ಲ" ಎಂದು ನೀನು ನಕ್ಕೆ. ನಾನೂ ನಕ್ಕೆ, ಮಗಳು ಶಾಣ್ಯಾ ಆಗಿದ್ದಾಳೆಂದು. ಮುತ್ತಜ್ಜ ಸುಳ್ಳನಾದ ಎಂಬುದು ಆಮೇಲೆ ಹೊಳೆಯಿತು.

ಯಮನಪ್ಪ


ಬಾಗಲಕೋಟೆ
೧೦ ಸೆಪ್ಟೆಂಬರ್ ೧೯೭೯

ಅಪ್ಪಾ,

ತಡವಾಯಿತು. ನಡುವೆ ಕಾಲೇಜಿನ ಹುಡುಗರನ್ನು ಕರೆದುಕೊಂಡು ಬಾದಾಮಿಗೆ ಹೋಗಿದ್ದೆವು. ಲೋಹಗಳು ನೆಲದೊಳಗೆ ಹೇಗಿರುತ್ತವೆ ಎಂಬ ಪಾಠವನ್ನು ನಮ್ಮ ಸರ್ ಹೊರಗೇ ಮಾಡಬೇಕೆನ್ನುತ್ತಾರೆ. ಉಳಿದವರು ಮೇಲಣ ಗುಹೆ ನೋಡಲು ಹತ್ತಿದರು, ನಾನು ಕೆರೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಸಂಜೆಯ ಬಿಸಿಲಿಗೆ ಎದುರಿನ ಬಂಡೆ ಕೆಂಪಗೆ ನೀರಿನೊಳಗೆ ಇಳಿದಿತ್ತು. ಆ ಕೆಂಪು ಕಬ್ಬಿಣದ್ದು ಅಪ್ಪಾ. ಮರಳಿನ ಒಂದೊಂದು ಕಾಳಿಗೂ ತುಕ್ಕು ಸವರಿಕೊಂಡಿದೆ. ಅಷ್ಟು ದೊಡ್ಡ ಗುಡ್ಡದ ತುಂಬ ಕಬ್ಬಿಣವಿದ್ದರೂ ಒಂದು ಸೂಜಿಯಾಗುವಷ್ಟು ಕೂಡ ಕಬ್ಬಿಣವಾಗಿ ಇಲ್ಲ.

ಲೋಹಗಳಲ್ಲಿ ಬಹಳಷ್ಟು ಹೀಗೆಯೇ. ಒಂಟಿಯಾಗಿ ಇರಲಾರವು. ಆಮ್ಲಜನಕದ ಜೊತೆಗೋ ಗಂಧಕದ ಜೊತೆಗೋ ಕೂಡಿಕೊಂಡು ಕಲ್ಲಾಗಿ ಮಲಗಿಬಿಡುತ್ತವೆ. ಪಾದರಸ ಕುಂಕುಮದಂಥ ಕಲ್ಲಿನಲ್ಲಿ ಮಲಗಿರುತ್ತದೆ, ಸೀಸ ಮಿರಿ ಮಿರಿ ಕರಿ ಕಲ್ಲಿನಲ್ಲಿ. ಅಲ್ಯುಮಿನಿಯಂ ನಾವು ದಿನಾ ತುಳಿಯುವ ಮಣ್ಣಿನಲ್ಲೇ ಇದೆ, ಅದನ್ನು ಎಬ್ಬಿಸಲು ಜನಕ್ಕೆ ಮೊನ್ನೆ ಮೊನ್ನೆಯವರೆಗೆ ಬರಲಿಲ್ಲ. ಬಂಗಾರ ಮಾತ್ರ ಯಾರ ಸಹವಾಸಕ್ಕೂ ಹೋಗುವುದಿಲ್ಲ. ಹಟ್ಟಿಯ ಗಣಿಯಲ್ಲಿ ಬಿಳಿ ಕಲ್ಲಿನ ನಡುವೆ ಬಂಗಾರವಾಗಿಯೇ ಇರುತ್ತದಂತೆ. ತಾಮ್ರ, ಬೆಳ್ಳಿ ಅಪರೂಪಕ್ಕೆ ಹಾಗೆ ಸಿಗುತ್ತವೆ. ಕಲ್ಲಿನ ಬಿರುಕಿನಲ್ಲಿ ಬೆಳ್ಳಿ ನೂಲಿನ ಎಳೆಯಾಗಿ ಸುರುಳಿ ಸುತ್ತಿಕೊಂಡಿರುವ ಚಿತ್ರವೊಂದು ನಮ್ಮ ಪುಸ್ತಕದಲ್ಲಿದೆ. ಅದನ್ನು ನೋಡಿದಾಗಲೆಲ್ಲ ನಿನಗೆ ತೋರಿಸಬೇಕೆನಿಸುತ್ತದೆ.

ಕಬ್ಬಿಣವನ್ನು ಕಲ್ಲಿನಿಂದ ಬಿಡಿಸಬೇಕಾದರೆ ಇದ್ದಿಲು ಹಾಕಿ ಸುಡಬೇಕು. ಹಾಗೆ ಬಿಡಿಸಿದರೂ ನೀರು ಗಾಳಿ ಕಂಡಕೂಡಲೇ ತಿರುಗಿ ಹೊರಡುತ್ತದೆ. ಅದಕ್ಕೇ ನಾವು ತುಕ್ಕು ಎನ್ನುವುದು. ನಮಗೆ ಅದು ಹಾಳಾದ ಹಾಗೆ ಕಾಣುತ್ತದೆ. ಕಬ್ಬಿಣಕ್ಕೆ ಅದು ಮನೆಗೆ ಹೋಗುವುದು.

ಈಗ ನಿನ್ನ ಗಜ್ಜುಗದ ಸಂಗತಿ. ಅದು ಅದಿರಲ್ಲ, ಕಬ್ಬಿಣವೇ. ನಿಕ್ಕಲ್ ಎಂಬ ಇನ್ನೊಂದು ಲೋಹ ಇದ್ದರೆ ತೋರಿಸುವ ಔಷಧಿ ನಮ್ಮಲ್ಲಿದೆ. ಹನಿಸಿದೆ, ನಳಿಗೆಯ ತುಂಬ ಗುಲಾಲಿನ ಬಣ್ಣ ಎದ್ದಿತು. ಕುಲುಮೆಯ ಕಬ್ಬಿಣದಲ್ಲಿ ಇಷ್ಟು ನಿಕ್ಕಲ್ ಇರುವುದಿಲ್ಲ. ಆಮೇಲೆ ಒಂದು ಮಗ್ಗುಲನ್ನು ಕನ್ನಡಿಯಾಗುವತನಕ ಉಜ್ಜಿ ಆಮ್ಲ ಸವರಿದೆ. ಗೆರೆಗಳು ಒಂದೊಂದಾಗಿ ಮೇಲೆ ಬಂದವು, ಓರೆಯಾಗಿ ಒಂದನ್ನೊಂದು ಹಾಯ್ದು, ನೇಯ್ದ ಹಾಗೆ. ಪುಸ್ತಕದಲ್ಲಿ ಮಾತ್ರ ಕಂಡ ಗೆರೆ ಅದು. ಒಂದೊಂದು ಡಿಗ್ರಿ ತಣ್ಣಗಾಗಲು ಸಾವಿರಾರು ವರ್ಷ ತೆಗೆದುಕೊಂಡ ಕಬ್ಬಿಣದಲ್ಲಿ ಮಾತ್ರ ಮೂಡುತ್ತದೆ. ಅಂಥ ಕುಲುಮೆ ನೆಲದ ಮೇಲೆ ಎಲ್ಲೂ ಇಲ್ಲ.

ಮುತ್ತಜ್ಜ ಹೇಳಿದ್ದು ಖರೆ ಅಪ್ಪಾ. ಅವಳು ಮುಗಿಲಿನಿಂದಲೇ ಬಂದವಳು.

ಯಾಕೆ ಉದುರುತ್ತಿದ್ದಾಳೆ ಎಂಬುದು ಮಾತ್ರ ಇನ್ನೂ ತಿಳಿದಿಲ್ಲ. ಇಷ್ಟು ವರ್ಷ ಎಣ್ಣೆ ಅರಿಸಿಣ ಹಚ್ಚಿಕೊಂಡು ಗಟ್ಟಿಯಾಗಿ ಕುಳಿತವಳಿಗೆ ಈಚೆಗೆ ಹೊಸದೇನೋ ಮುಟ್ಟಿರಬೇಕು. ಗೆರೆಗಳನ್ನು ಪೆನ್ಸಿಲಿನಲ್ಲಿ ಬರೆದು ಇದರೊಳಗೆ ಇಟ್ಟಿದ್ದೇನೆ.

ಇಂದ್ರವ್ವ


ಕಲ್ಲವ್ವನಹಾಳ
೮ ಅಕ್ಟೋಬರ್ ೧೯೭೯

ಇಂದ್ರವ್ವಗೆ,

ನಿನ್ನ ಗೆರೆಗಳ ಚಿತ್ರ ಮಗ್ಗದ ಮುಂದೆ ಮೊಳೆ ಹೊಡೆದು ತೂಗುಹಾಕಿದ್ದೇನೆ. ಲಾಳಿ ಎಸೆಯುತ್ತಾ ನೋಡುತ್ತೇನೆ, ನೋಡುತ್ತಾ ಎಳೆ ತಪ್ಪಿಸುತ್ತೇನೆ. ನಮ್ಮ ಮಗ್ಗದಲ್ಲಿ ಎಳೆಗಳು ನೆಟ್ಟಗೆ ಹಾಯುತ್ತವೆ. ಇವು ಓರೆ. ಹಾಸು ಯಾವುದು, ಹೊಕ್ಕು ಯಾವುದು ಎಷ್ಟು ನೋಡಿದರೂ ಗೊತ್ತಾಗಲಿಲ್ಲ. ಅಷ್ಟು ನಿಧಾನವಾಗಿ ನೇಯುವ ನೇಕಾರನನ್ನು ಇಳಕಲ್ಲಿನ ಯಾವ ಸಾಹುಕಾರನೂ ಕೆಲಸಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ.

ಸೀಗಿ ಹುಣ್ಣಿಮೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗಿದ್ದೆ. ಬಸುರಾದ ಭೂಮಿಗೆ ಊರೆಲ್ಲ ಕಡುಬು ಪಲ್ಯ ಚೆಲ್ಲುವಾಗ ಈ ಸಲ ನನಗೆ ಬೇರೆಯೇ ವಿಚಾರ. ಈ ಹೊಟ್ಟೆಯಲ್ಲಿ ಜೋಳ ಸಜ್ಜೆ ಮಾತ್ರವಲ್ಲ, ಕುಂಕುಮದಂಥ ಕಲ್ಲು, ಅದರೊಳಗೆ ಪಾದರಸ, ನೂಲಿನಂಥ ಬೆಳ್ಳಿ, ಇಷ್ಟೆಲ್ಲ ಮಲಗಿದೆಯಲ್ಲ ಎಂದು ಕಾಲು ಮೆತ್ತಗೆ ಇಟ್ಟು ನಡೆದೆ. "ಯಾಕೋ ಯಮನಪ್ಪ, ಮುಳ್ಳ ನಟ್ಟೇತೇನು?" ಎಂದು ಕೇಳಿದರು. ಹೌದೆಂದೆ.

ಊಟವಾದ ಮೇಲೆ ಬದುವಿನ ಮೇಲೆ ಅಡ್ಡಾದೆ. ಜೊಂಪು ಹತ್ತಿತು. ನೆಲದೊಳಗೆ ಯಾರೋ ಸಾಲಾಗಿ ಉಸಿರಾಡುತ್ತಿದ್ದಾರೆ, ಒಬ್ಬರು ಮಗ್ಗುಲು ಬದಲಿಸಿದರು. ಎಚ್ಚರಾದಾಗ ಬೆಳದಿಂಗಳು ಎದ್ದಿರಲಿಲ್ಲ, ಬಿಸಿಲು ಹೋಗಿರಲಿಲ್ಲ.

ಬೆವರು ನಿಂತಿಲ್ಲ. ದಸರೆಯಲ್ಲಿ ಅಂಗೈಯಗಲದ ಹೆಕ್ಕಳಿಕೆ ಬಿತ್ತು, ಎಡಗಲ್ಲ ಪೂರ್ತಿ ಹೋಯಿತು. ಕುಂಕುಮ ದಪ್ಪಗೆ ಹಚ್ಚಿ ಮುಚ್ಚಿದ್ದೇನೆ.

ಕಬ್ಬಿಣಕ್ಕೂ ಮನೆಗೆ ಹೋಗಬೇಕೆನಿಸುತ್ತದೆ ಎಂದು ಬರೆದಿದ್ದೀಯ. ಓದಿಕೊಂಡೆ. ಮತ್ತೇನಿಲ್ಲ.

ಯಮನಪ್ಪ


ಬಾಗಲಕೋಟೆ
೨೦ ನವೆಂಬರ್ ೧೯೭೯

ಅಪ್ಪಾ,

ಕಾರಣ ಸಿಕ್ಕಿತು. ಉದುರಿದ ಪುಡಿಯನ್ನು ನೀರಿನಲ್ಲಿ ಕಲಕಿ, ಸೋಸಿ, ಬೆಳ್ಳಿಯಿಂದ ಮಾಡಿದ ಒಂದು ಔಷಧಿ ಹನಿಸಿದೆ. ಹಾಲು ಒಡೆದ ಹಾಗೆ ಬೆಳ್ಳಗೆ ಕಟ್ಟಿತು. ಅಷ್ಟು ದಟ್ಟವಾಗಿ ಕಟ್ಟಬೇಕಾದರೆ ಒಂದೇ ಅರ್ಥ. ಉಪ್ಪು. ನಾವು ಊಟಕ್ಕೆ ಬಳಸುವ ಉಪ್ಪು ಅವಳ ಮೈಯೊಳಗೆ ಇಳಿದಿದೆ. ಬೆವರೂ ಅದರದೇ. ಉಪ್ಪು ಒಳಗೆ ಸೇರಿದರೆ ಕಬ್ಬಿಣವನ್ನು ಒಳಗಿನಿಂದ ತಿನ್ನುತ್ತ ಹೋಗುತ್ತದೆ.

ನಮ್ಮಲ್ಲಿ ನರಹುಲಿ ಎದ್ದವರು, ಮನೆಯಲ್ಲಿ ಕಷ್ಟ ಇದ್ದವರು ದುರಗವ್ವನಿಗೆ ಉಪ್ಪಿನ ಹರಕೆ ಹೊರುತ್ತಾರೆ, ನನಗೆ ಗೊತ್ತು. ಆದರೆ ಅವರು ಉಪ್ಪು ಇಡುವುದು ಹೊರಗಿನ ಕಟ್ಟೆಯ ಮೇಲೆ. ಅವಳ ಮೈ ಮುಟ್ಟುವವನು ನೀನೊಬ್ಬನೇ. ಅಭಿಷೇಕದ ನೀರಿಗೆ ಏನಾದರೂ ಬೆರೆಯುತ್ತಿದೆಯೇ? ಹೊಸ ಬಾವಿಯ ನೀರು ತರುತ್ತೀಯಾ? ಯಾವುದಿದ್ದರೂ ಇವತ್ತೇ ನಿಲ್ಲಿಸು. ಇನ್ನೆರಡು ಮಳೆಗಾಲ ಹೀಗೇ ಹೋದರೆ ಗುಡಿಯಲ್ಲಿ ಬರೀ ಕೆಮ್ಮಣ್ಣು ಉಳಿಯುತ್ತದೆ.

ಇಂದ್ರವ್ವ


ಬಾಗಲಕೋಟೆ
೫ ಜನವರಿ ೧೯೮೦

ಅಪ್ಪಾ,

ಉತ್ತರವಿಲ್ಲ. ಮಲೀಕಸಾಬನನ್ನು ಕೇಳಿದರೆ "ಛಲೋ ಅದಾರ, ಮಾತ ಕಡಿಮಿ ಮಾಡ್ಯಾರ" ಎನ್ನುತ್ತಾನೆ. ಉಪ್ಪು ನಿಂತಿತೇ? ಒಂದು ಕಾರ್ಡು ಹಾಕು.

ಇಂದ್ರವ್ವ


ಕಲ್ಲವ್ವನಹಾಳ
೨೨ ಜನವರಿ ೧೯೮೦, ಮಂಗಳವಾರ

ಮಗಳೇ,

ಉಪ್ಪು ಹಾಕಿದವನು ನಾನು.

ನೀನು ಹೋದ ಮರುವಾರದಿಂದ, ಪ್ರತಿ ಮಂಗಳವಾರ. ಊರವರು ಕಟ್ಟೆಯ ಮೇಲೆ ಉಪ್ಪು ಇಟ್ಟು ಅದು ಕರಗುವ ದಾರಿ ಕಾಯುತ್ತಾರೆ. ನನಗೆ ಅಷ್ಟು ತಾಳ್ಮೆ ಇರಲಿಲ್ಲ. ಕಟ್ಟೆಯಿಂದ ಒಳಗೆ ನನ್ನ ಮಾತು ಮುಟ್ಟುವುದು ತಡವಾದೀತೆಂದು ಗುಡಿಯ ಬಾಗಿಲು ಮುಂದೆ ಮಾಡಿ ಹಿಡಿ ಉಪ್ಪನ್ನು ಅವಳ ನೆತ್ತಿಗೇ ತಿಕ್ಕಿ ನೀರು ಹನಿಸುತ್ತಿದ್ದೆ. "ಯವ್ವಾ, ಇದು ಕರಗಿಧಾಂಗ ಅಕಿ ಹಟಾ ಕರಗಲಿ, ಮನಿಗೆ ಬರಲಿ" ಎಂದು ಮೊದಲು ಬೇಡಿದೆ. ಬರುಬರುತ್ತ "ನನ್ನ ಹಟಾ ಕರಗಲಿ" ಎಂದು ಬೇಡತೊಡಗಿದೆ. ನಿನ್ನದೂ ಕರಗಲಿಲ್ಲ, ನನ್ನದೂ ಕರಗಲಿಲ್ಲ. ಅವ್ವನೇ ಕರಗಿದಳು.

ನಿನ್ನ ನವೆಂಬರಿನ ಕಾಗದ ಓದಿ ಗುಡಿಗೆ ಹೋಗಿ ಕುಳಿತೆ. ಎಂಥ ಪೂಜಾರಿ ನಾನು! ಕೈಯಾರೆ ತಿನ್ನಿಸಿ, ಕೈಯಾರೆ ಬೆವರು ಒರೆಸಿ, ಏನಾಗಿದೆ ಹೇಳು ಎಂದು ನಿನ್ನನ್ನೇ ಕೇಳಿದೆನಲ್ಲ.

ನಿಲ್ಲಿಸು ಎನ್ನುತ್ತೀಯ. ಬೇಡಿದ್ದು ಕೈಗೂಡದೆ ಹರಕೆ ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಬಿಟ್ಟರೆ ಬೇಡಿದ್ದನ್ನು ಬೇಡ ಎಂದ ಹಾಗೆ. ನಿನ್ನನ್ನು ಬೇಡ ಎಂದು ಒಂದು ಸಲ ಅಂದಿದ್ದೇನೆ. ಇನ್ನೊಂದು ಸಲ ಅನ್ನಲಾರೆ, ಅವಳು ಮಣ್ಣಾದರೂ ಅನ್ನಲಾರೆ.

ಇವತ್ತು ಮಂಗಳವಾರ. ಹಾಕಿ ಬಂದು ಇದನ್ನು ಬರೆಯುತ್ತಿದ್ದೇನೆ.

ಅಪ್ಪ


ಬಾಗಲಕೋಟೆ
೩೦ ಜನವರಿ ೧೯೮೦

ಅಪ್ಪಾ,

ಕಾಗದವನ್ನು ಪ್ರಯೋಗಶಾಲೆಯಲ್ಲಿ ಓದಿದೆ. ಆಮ್ಲದ ಹೊಗೆ ಕಣ್ಣಿಗೆ ಹೋಯಿತೆಂದು ಎಲ್ಲರಿಗೂ ಹೇಳಿದೆ, ಒಬ್ಬರೂ ನಂಬಲಿಲ್ಲ.

ನಾನು ಬರುತ್ತೇನೆ. ಆದರೆ ಹೇಗೆ ಬರುತ್ತೇನೆಂದು ಮೊದಲೇ ಹೇಳಬೇಕು, ಆಮೇಲೆ ದುರಗವ್ವನ ಮುಂದೆ ಸುಳ್ಳಾಗಬಾರದು. ಶಂಕ್ರಪ್ಪನನ್ನು ಮದುವೆಯಾಗಲು ಬರುವುದಿಲ್ಲ. ನೌಕರಿ ಬಿಟ್ಟು ಬರುವುದಿಲ್ಲ. ಶನಿವಾರ ಬಂದು ಸೋಮವಾರ ಮೊದಲ ಬಸ್ಸಿಗೆ ಹೋಗುತ್ತೇನೆ, ಮತ್ತೆ ಬಿಡುವು ಸಿಕ್ಕಾಗ ಬರುತ್ತೇನೆ. ನೀನು ಬೇಡಿದ್ದು ಮನೆಯಲ್ಲಿ ಉಳಿಯುವ ಇಂದ್ರವ್ವನನ್ನು. ಇರುವವಳು ಇವಳು. ಇಷ್ಟು ಮಗಳು ಬಂದರೆ ಹರಕೆ ತೀರಿತು ಎನ್ನುತ್ತೀಯಾ? ನಿನ್ನ ಮನಸ್ಸು ಒಪ್ಪದಿದ್ದರೆ ಮಂಗಳವಾರದ ಉಪ್ಪು ನಿಲ್ಲುವುದಿಲ್ಲ, ನಾನು ಬಂದೂ ಉಪಯೋಗವಿಲ್ಲ. ಅದಕ್ಕೇ ಕೇಳುತ್ತಿದ್ದೇನೆ.

ಒಪ್ಪುವುದಾದರೆ ಹಿತ್ತಲಿನಲ್ಲಿ ನೀರು ತುಂಬಿಡುವ ಕಲ್ಲಿನ ಡೋಣಿಯನ್ನು ಗುಡಿಯ ಅಂಗಳಕ್ಕೆ ತರಿಸು. ತಾಮ್ರದ ಹಂಡೆ ಬೇಡ, ತಾಮ್ರ ಜೊತೆಗಿದ್ದರೆ ಕಬ್ಬಿಣ ಇನ್ನೂ ಬೇಗ ಕೆಡುತ್ತದೆ. ಬಟ್ಟೆ ಒಗೆಯುವ ಸೋಡಾ ಬೆರೆಸಿದ ನೀರಿನಲ್ಲಿ ಅವಳು ತಿಂಗಳುಗಟ್ಟಲೆ ಮಲಗಬೇಕು. ನೀರು ಬದಲಿಸಿದಾಗಲೆಲ್ಲ ಒಳಗಿನ ಉಪ್ಪು ತುಸು ತುಸುವೇ ಹೊರಗೆ ಬರುತ್ತದೆ. ಊರವರು ಕೇಳಿದರೆ ಜಲಾಧಿವಾಸ ಎನ್ನು. ಅದೂ ಸುಳ್ಳಲ್ಲ.

ಇಂದ್ರವ್ವ


ಕಲ್ಲವ್ವನಹಾಳ
೭ ಫೆಬ್ರುವರಿ ೧೯೮೦

ಬಂದು ಹೋಗು.

ಅಪ್ಪ


ಕಲ್ಲವ್ವನಹಾಳ
೨೫ ಮಾರ್ಚ್ ೧೯೮೦, ಮಂಗಳವಾರ

ಮಗಳೇ,

ನೀನು ಹೋದ ಮೇಲಿನ ಸುದ್ದಿ ಬರೆಯುತ್ತೇನೆ. ಅದಕ್ಕೂ ಮೊದಲು ನೀನು ಬಂದ ದಿನದ್ದೇ ಇನ್ನೂ ಮನಸ್ಸಿನಿಂದ ಹೋಗಿಲ್ಲ. ಹೊಸ್ತಿಲ ಆಚೆ ನಿಂತು ನನ್ನ ಬಾಯಿ ನೋಡುತ್ತಿದ್ದೆಯಲ್ಲ. ಇಷ್ಟು ದಿನ ಎಷ್ಟೋ ಮಾತು ಕೂಡಿಸಿ ಇಟ್ಟಿದ್ದೆ. ಹೊರಗೆ ಬಂದದ್ದು "ಬಸ್ಸಿನ್ಯಾಗ ಜಾಗಾ ಸಿಕ್ತೇನು?" ಎಂಬುದು. "ಅಮೀನಗಡದ ತನಕಾ ನಿಂತ ಬಂದೆ ಅಪ್ಪಾ, ಕಾಲ ಹರದಾವು" ಎನ್ನುತ್ತಾ ಒಳಗೆ ಬಂದು ಚಪ್ಪಲಿ ಬಿಟ್ಟೆ. ಅಷ್ಟಕ್ಕೆ ಮುಗಿಯಿತು. ಅಷ್ಟು ಸುಲಭವಿತ್ತು ಎಂದು ಮೊದಲೇ ಯಾರಾದರೂ ಹೇಳಬಾರದಿತ್ತೇ?

ದುರಗವ್ವ ಡೋಣಿಯಲ್ಲಿ ಮಲಗಿದ್ದಾಳೆ. ಬೆಳಿಗ್ಗೆ ಬಾಗಿ ನೋಡಿದರೆ ನೀರಿನೊಳಗೆ ಅವಳು, ನೀರಿನ ಮೇಲೆ ಮುಗಿಲು. ಅವಳು ಬಂದ ಕಡೆಯಲ್ಲೇ ತೇಲುತ್ತಿದ್ದಾಳೆ ಅನಿಸಿ ಎಷ್ಟೋ ಹೊತ್ತು ಹಾಗೇ ನಿಂತಿರುತ್ತೇನೆ. ಕಳೆದ ಸಲ ನೀರು ಬದಲಿಸಿದಾಗ ತಳದಲ್ಲಿ ಪುಡಿ ಇರಲಿಲ್ಲ. ತೆಗೆದು ಒಣ ಬಟ್ಟೆಯ ಮೇಲೆ ಇಟ್ಟು ಕಾದೆ, ಬೆವರಲಿಲ್ಲ. ಹೋದ ಗಲ್ಲ ತಿರುಗಿ ಬರುವುದಿಲ್ಲ, ಅದು ನನ್ನ ಕೈಯ ಗುರುತು. ಉಳಿದ ಮುಖ ಉಳಿಯುತ್ತದೆ.

ನಿನ್ನ ಅತ್ತೆ ಎರಡು ವಾರ ಮಾತು ಬಿಟ್ಟಿದ್ದಳು. ಮೂರನೆಯ ವಾರ ಶಂಕ್ರಪ್ಪನಿಗೆ ಗುಳೇದಗುಡ್ಡದಲ್ಲಿ ಹೆಣ್ಣು ನೋಡಿ ಬಂದು, ಹುಡುಗಿಯ ಬಣ್ಣ ವರ್ಣಿಸಲು ನನ್ನ ಮನೆಗೇ ಬಂದಳು. ಕಾಫಿ ಮಾಡಿ ಕೊಟ್ಟೆ.

ಇವತ್ತು ಇಳಕಲ್ಲಿನಿಂದ ರಂಜಾನಬಿ ಎಂಬ ಮುದುಕಿ ಕೈಗೆದ್ದ ನರಹುಲಿ ತೋರಿಸಿಕೊಂಡು ಉಪ್ಪಿನ ಪೊಟ್ಟಣದ ಸಮೇತ ಬಂದಿದ್ದಳು. "ಇನ್ನಮ್ಯಾಲೆ ಇಲ್ಲಿ ಉಪ್ಪ ಬ್ಯಾಡವ್ವಾ, ದೀಪಕ್ಕ ಎಣ್ಣಿ ಹಾಕಿ ಹೋಗು" ಎಂದೆ.

"ಯಾಕಪಾ? ಮೊದಲಿಂದ ಉಪ್ಪೇ ಅಲ್ಲೇನು?"

"ನಾ ಭಾಳ ಹಾಕಿನಿ. ನನ್ನ ಹರಕಿ ತೀರೇತಿ."

"ಏನ ಬೇಡಿದ್ದಿ?"

ಊರಲ್ಲಿ ಯಾರಿಗೂ ಹೇಳದ್ದನ್ನು ಆ ಗುರುತಿಲ್ಲದ ಮುದುಕಿಗೆ ಹೇಳಿದೆ. "ಮಗಳನ್ನ."

ಅವಳು ಅಂಗಳ, ಕಟ್ಟೆ, ಮನೆಯ ಬಾಗಿಲು ಎಲ್ಲ ಕಡೆ ಕಣ್ಣಾಡಿಸಿದಳು. "ಎಲ್ಲದಾಳ ಮತ್ತ? ಯಾರೂ ಕಾಣವಲ್ರು."

"ಬಾಗಲಕೋಟ್ಯಾಗ ಅದಾಳ," ಎಂದೆ. "ಬರ್ತಾಳ, ಹೋಗ್ತಾಳ."

ನಿನ್ನ ಅಪ್ಪ
ಯಮನಪ್ಪ